ಬೇಡವೆಂದಾಗ ಸ್ಟಾರ್ಟ್ ಆಗದ ಕಾರು: ರಿಮೋಟ್ ಸ್ಟಾರ್ಟರ್ ಆರಿಸುವುದು, ಕೂಡಿಸುವುದು

ದೂರದಿಂದಲೇ ಗುಂಡಿ ಒತ್ತಿ ಇಂಜಿನ್ ಎಬ್ಬಿಸುವ ಪೆಟ್ಟಿಗೆಯೇ ರಿಮೋಟ್ ಸ್ಟಾರ್ಟರ್. ನಾನು ಮೊಟ್ಟಮೊದಲು ಅದನ್ನು ಕೂಡಿಸಿದ್ದು ನನ್ನದೇ ಹಳೆಯ ಕಾರಿಗೆ. ಕ್ಲಚ್ ಒತ್ತಿ ಕೈಯಿಂದ ಗೇರು ಹಾಕುವ ಕಾರು ಅದು. ನಿಲ್ಲಿಸಿ ಇಳಿಯುವಾಗ ಮೊದಲ ಗೇರಿನಲ್ಲೇ ಬಿಡುವುದು ನನ್ನ ಬಹುಕಾಲದ ಅಭ್ಯಾಸ. ಕ್ಲಚ್ ಒತ್ತದ ಹೊರತು ಸೆಲ್ಫ್ ಹೊಡೆಯದಂತೆ ತಡೆಯುವ ಒಂದು ಸ್ವಿಚ್ಚು ಪೆಡಲ್ಲಿನ ಹಿಂದೆ ಇತ್ತು. ಅದಿದ್ದರೆ ರಿಮೋಟಿನ ಕೆಲಸ ನಡೆಯುವುದಿಲ್ಲವಲ್ಲ ಎಂದು ಗೇಣುದ್ದದ ವೈರು ಹಾಕಿ ಅದನ್ನು ದಾಟಿಸಿಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಮನೆಯೊಳಗೆ ನಿಂತೇ ಗುಂಡಿ ಒತ್ತಿದೆ. ಕಾರು ಮುಂದಕ್ಕೆ ಒಮ್ಮೆ ಕುಪ್ಪಳಿಸಿತು. ಮೊದಲ ಯತ್ನ ಕೈಕೊಟ್ಟರೆ ಪೆಟ್ಟಿಗೆ ತಾನಾಗಿಯೇ ಇನ್ನೆರಡು ಸಲ ಯತ್ನಿಸುತ್ತದೆ ಎಂಬುದು ನನಗೆ ಆಗ ನೆನಪಾಯಿತು. ಚಪ್ಪಲಿ ಹುಡುಕುವಷ್ಟರಲ್ಲಿ ಎರಡನೆಯ ಕುಪ್ಪಳ ಮುಗಿದು, ಮೂರನೆಯದಕ್ಕೆ ಗೋಡೆ ಸಿಕ್ಕಿತು. ಗೋಡೆಗೂ ಕಾರಿಗೂ ನಡುವೆ ಯಾರೂ ಇರಲಿಲ್ಲ, ಅಷ್ಟೇ ನನ್ನ ಪುಣ್ಯ.

ಕಾರಿನ ವೈರಿಂಗ್ ಕೆಲಸವೇ ನನ್ನ ಹೊಟ್ಟೆಪಾಡು. ಆ ಗೋಡೆಯ ನಂತರ ಹಲವಾರು ಕಾರುಗಳಿಗೆ ಇದನ್ನು ಕೂಡಿಸಿದ್ದೇನೆ. ಇಂಜಿನ್ ಓಡುವಂತೆ ಮಾಡಲು ಅರ್ಧ ದಿನ ಸಾಕು. ಓಡಬಾರದ ಹೊತ್ತಿನಲ್ಲಿ ಓಡದಂತೆ, ನಿಲ್ಲಬೇಕಾದ ಹೊತ್ತಿನಲ್ಲಿ ನಿಲ್ಲುವಂತೆ ಮಾಡುವುದೇ ಉಳಿದ ಅರ್ಧ ದಿನದ ಕೆಲಸ. ಈ ಎರಡನೆಯ ಅರ್ಧವನ್ನು ಜನ ಬಿಟ್ಟುಬಿಡುತ್ತಾರೆ, ಹಾಗಾಗಿ ನಾನು ಅದರ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಉದಾಹರಣೆಗೆ ಈಚೆಗೆ ಕೂಡಿಸಿದ ಅಕ್ಕನ ಕಾರನ್ನು ಇಟ್ಟುಕೊಳ್ಳುತ್ತೇನೆ: ಪೆಟ್ರೋಲ್ ಇಂಜಿನ್, ಆಟೋಮ್ಯಾಟಿಕ್ ಗೇರು, ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು.

ಮೊದಲು ಈ ಪೆಟ್ಟಿಗೆ ಏನು ಮಾಡುತ್ತದೆ ಎಂಬುದು ತಿಳಿದಿರಲಿ. ಕೈಯಿಂದ ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸುವ ಕಷ್ಟವನ್ನು ತಪ್ಪಿಸಿದ್ದು ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಹ್ಯಾಂಡಲ್ ಹಿಡಿಯುವ ಕೈ ಹೋಯಿತು, ಕೀಲಿ ಹಿಡಿಯುವ ಕೈ ಉಳಿಯಿತು. ರಿಮೋಟ್ ಸ್ಟಾರ್ಟರ್ ಆ ಕೀಲಿಯ ಕೈಯ ಅನುಕರಣೆ. ಕೀಲಿಯನ್ನು ಒಂದೊಂದು ಹಂತ ತಿರುಗಿಸಿದಾಗ ಯಾವ ವೈರಿಗೆ ಕರೆಂಟು ಹೋಗುತ್ತದೆಯೋ ಅದನ್ನೇ ಪೆಟ್ಟಿಗೆ ತನ್ನ ರಿಲೇಗಳಿಂದ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚುಗಳಿಂದ, ಅದೇ ಕ್ರಮದಲ್ಲಿ ಕೊಡುತ್ತದೆ. ಆದರೆ ಕೀಲಿ ತಿರುಗಿಸುವವನ ಕಣ್ಣು ಗೇರಿನ ಮೇಲೆ, ಕಾಲು ಬ್ರೇಕಿನ ಮೇಲೆ ಇರುತ್ತದೆ. ಪೆಟ್ಟಿಗೆಗೆ ಕಣ್ಣೂ ಇಲ್ಲ, ಕಾಲೂ ಇಲ್ಲ. ಅವನ್ನು ನಾವೇ ವೈರುಗಳ ರೂಪದಲ್ಲಿ ಜೋಡಿಸಿ ಕೊಡಬೇಕು.

ಕೊಳ್ಳುವ ಮುನ್ನ ಕಾರಿನ ಕೈಪಿಡಿಯನ್ನು ಒಮ್ಮೆ ತಿರುವಿ ಹಾಕಿ. ಈ ಸೌಲಭ್ಯ ಕಾರಿನಲ್ಲೇ ಇದ್ದು ಮಾಲೀಕರಿಗೆ ಗೊತ್ತಿಲ್ಲದಿರುವುದನ್ನು ಕಂಡಿದ್ದೇನೆ. ವಿದ್ಯುತ್ ಕಾರುಗಳಿಗೆ ಇದು ಬೇಕಿಲ್ಲ. ಬಹಳಷ್ಟು ಮಾದರಿಗಳಲ್ಲಿ ಒಳಗಿನ ಗಾಳಿಯನ್ನು ಮುಂಚೆಯೇ ಬಿಸಿ ಅಥವಾ ತಂಪು ಮಾಡಿಡುವ ಏರ್ಪಾಡು ಮೊಬೈಲಿನಲ್ಲೇ ಸಿಗುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಕಾರಿಗೆ ಕೂಡಿಸುವ ಆಲೋಚನೆಯನ್ನು ಬಿಡಿ. ಚೋಕ್ ಎಳೆದು, ಆಕ್ಸಲರೇಟರ್ ತುಳಿದು ಎಬ್ಬಿಸುವ ಇಂಜಿನ್ನು ಗುಂಡಿಯ ಮಾತು ಕೇಳುವುದಿಲ್ಲ.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಕಳೆಯುತ್ತೇನೆ. ಇಂಜಿನ್ ಚೆನ್ನಾಗಿರಲಿ ಎಂದು ಹದಿನೈದು ನಿಮಿಷ ನಿಂತಲ್ಲೇ ಓಡಿಸುವ ಅಗತ್ಯ ಈಗಿನ ಫ್ಯೂಯಲ್ ಇಂಜೆಕ್ಷನ್ ಇಂಜಿನ್ನುಗಳಿಗೆ ಇಲ್ಲ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ನಿಂತು ಕಾಯುವುದಕ್ಕಿಂತ ಬೇಗ ಬಿಸಿಯಾಗುತ್ತದೆ. ರಿಮೋಟ್ ಸ್ಟಾರ್ಟರ್ ಇರುವುದು ಇಂಜಿನ್ನಿಗಲ್ಲ, ಒಳಗೆ ಕೂರುವವರಿಗೆ: ಮಂಜು ಕಟ್ಟಿದ ಗಾಜು ತಿಳಿಯಾಗಲು, ಕಾದ ಸೀಟು ತಣಿಯಲು. ಹೀಟರ್ ಮತ್ತು ಎಸಿಯ ಗುಂಡಿಗಳು ಕೈಯಿಂದ ತಿರುಗಿಸುವಂಥವಾದರೆ ಹಿಂದಿನ ರಾತ್ರಿ ಇಳಿಯುವಾಗಲೇ ಬೇಕಾದ ಕಡೆ ತಿರುಗಿಸಿಟ್ಟು ಬನ್ನಿ. ಇಲ್ಲದಿದ್ದರೆ ಹತ್ತು ನಿಮಿಷ ಪೆಟ್ರೋಲ್ ಸುಟ್ಟು ಇಂಜಿನ್ನಿನ ಸದ್ದನ್ನು ಮಾತ್ರ ಪಡೆಯುತ್ತೀರಿ.

ಆಯ್ಕೆಯಲ್ಲಿ ಮೊದಲ ಪ್ರಶ್ನೆ ಗೇರಿನದು. ಆಟೋಮ್ಯಾಟಿಕ್ ಕಾರಿನಲ್ಲಿ ಪಾರ್ಕ್ ಅಥವಾ ನ್ಯೂಟ್ರಲ್ ಬಿಟ್ಟು ಬೇರೆಡೆ ಸೆಲ್ಫ್ ಹೊಡೆಯದಂತೆ ಕಾರಿನದೇ ತಡೆ ಇರುತ್ತದೆ. ಅದು ವಿದ್ಯುತ್ತಿನ ತಡೆಯಾಗಿದ್ದರೆ ಪೆಟ್ಟಿಗೆಗೂ ಅನ್ವಯಿಸುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಅದು ಕೀಲಿಯನ್ನೇ ತಿರುಗದಂತೆ ಹಿಡಿಯುವ ಲೋಹದ ತಡೆ ಮಾತ್ರ. ಪೆಟ್ಟಿಗೆ ಕೀಲಿ ತಿರುಗಿಸುವುದಿಲ್ಲವಾದ್ದರಿಂದ ಆ ತಡೆ ಅದರ ಲೆಕ್ಕಕ್ಕಿಲ್ಲ. ಅಂಥ ಕಾರಿಗೆ ನಾನು ಕೂಡಿಸುವುದಿಲ್ಲ.

ಕೈಗೇರಿನ ಕಾರಿಗೆ ಅದಕ್ಕೆಂದೇ ಮಾಡಿದ ಪೆಟ್ಟಿಗೆಗಳಿವೆ. ಅವು ಒಂದು ವಿಧಿಯನ್ನು ಕೇಳುತ್ತವೆ. ಇಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ರಿಮೋಟ್ ಒತ್ತಿ, ಕೀಲಿ ತೆಗೆಯಬೇಕು. ಇಂಜಿನ್ ಇನ್ನೂ ಓಡುತ್ತಲೇ ಇರುತ್ತದೆ. ಇಳಿದು ಬಾಗಿಲು ಮುಚ್ಚಿ ಬೀಗ ಹಾಕಿದ ಮೇಲೆ ಪೆಟ್ಟಿಗೆಯೇ ಅದನ್ನು ನಿಲ್ಲಿಸುತ್ತದೆ. ಕ್ಲಚ್ ಬಿಟ್ಟ ಮೇಲೂ ಇಂಜಿನ್ ಓಡುತ್ತಿತ್ತೆಂದರೆ ಗೇರು ನ್ಯೂಟ್ರಲ್‌ನಲ್ಲಿದೆ ಎಂದೇ ಅರ್ಥ. ಆಮೇಲೆ ಯಾವ ಬಾಗಿಲು ತೆರೆದರೂ ಅನುಮತಿ ರದ್ದು, ಯಾಕೆಂದರೆ ಒಳಗೆ ಹೋದವರು ಗೇರು ಮುಟ್ಟಿರಬಹುದು. ಎಷ್ಟು ಚೆಂದದ ಯೋಚನೆ! ಆದರೆ ಎಲ್ಲ ಬಾಗಿಲುಗಳ ಸ್ವಿಚ್ಚುಗಳೂ ಸರಿಯಾಗಿದ್ದರೆ ಮಾತ್ರ ಇದು ನಿಲ್ಲುತ್ತದೆ. ಹಿಂದಿನ ಒಂದು ಬಾಗಿಲಿನ ಸ್ವಿಚ್ಚು ಕೆಟ್ಟಿದ್ದರೂ ಕೋಟೆಗೆ ಕಿಂಡಿ ಬಿದ್ದಂತೆ. ಕೇಳಿದವರಿಗೆಲ್ಲ ನಾನು ಬೇಡವೆಂದೇ ಹೇಳುತ್ತೇನೆ. ಗೋಡೆಗೆ ಗುದ್ದಿದವನ ಪಕ್ಷಪಾತ ಎಂದುಕೊಂಡರೂ ಸರಿಯೇ.

ಡೀಸೆಲ್ ಇಂಜಿನ್ನಿಗೆ ಸೆಲ್ಫ್ ಹೊಡೆಯುವ ಮುನ್ನ ಅದರೊಳಗಿನ ಗ್ಲೋ ಪ್ಲಗ್ ಎಂಬ ಪುಟ್ಟ ಹೀಟರು ಬಿಸಿಯಾಗಬೇಕು. ಪೆಟ್ಟಿಗೆಯಲ್ಲಿ ಡೀಸೆಲ್ ಆಯ್ಕೆ ಇದೆಯೇ, ಬಿಸಿಯಾಗುವ ತನಕ ಕಾಯಿರಿ ಎಂದು ಹೇಳುವ ದೀಪದ ವೈರನ್ನು ಅದಕ್ಕೆ ಕೊಡಬಹುದೇ ಎಂದು ನೋಡಿ.

ಎರಡನೆಯ ಪ್ರಶ್ನೆ ಇಮ್ಮೊಬಿಲೈಸರ್. ಕೀಲಿಯ ತಲೆಯೊಳಗೆ ಪುಟ್ಟ ಚಿಪ್ ಇರುತ್ತದೆ, ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೀಲಿ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿ ಅದನ್ನು ಎಬ್ಬಿಸಿ ಗುರುತು ಕೇಳುತ್ತದೆ. ಗುರುತು ಹೊಂದದಿದ್ದರೆ ಕಾರಿನ ಕಂಪ್ಯೂಟರ್ ಇಂಜಿನ್ ಓಡಲು ಬಿಡುವುದಿಲ್ಲ. ಹೀಗಾಗಿ ರಿಮೋಟ್ ಸ್ಟಾರ್ಟರಿನ ಜೊತೆಗೆ ಬೈಪಾಸ್ ಮಾಡ್ಯೂಲ್ ಬೇಕಾಗುತ್ತದೆ. ಒಂದು ಬಗೆಯದರಲ್ಲಿ ಹೆಚ್ಚುವರಿ ಕೀಲಿಯೊಂದನ್ನು ಸುರುಳಿ ಸುತ್ತಿದ ಡಬ್ಬಿಯಲ್ಲಿಟ್ಟು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿಸಬೇಕು. ಕಳ್ಳನಿಗೆ ಅದು ಸಿಕ್ಕಿದರೆ ಕಾರನ್ನು ನಾವೇ ಕೈಗಿಟ್ಟಂತೆ. ಇನ್ನೊಂದು ಬಗೆಯದು ಕಾರಿನ ದತ್ತಾಂಶದ ವೈರುಗಳಿಗೆ ಕೂಡಿಕೊಂಡು, ಒಮ್ಮೆ ಕಲಿತುಕೊಂಡು, ಆಮೇಲೆ ಕೀಲಿಯಿಲ್ಲದೆಯೇ ಗುರುತು ಹೇಳುತ್ತದೆ. ಬೆಲೆ ತುಸು ಹೆಚ್ಚಾದರೂ ಎರಡನೆಯದನ್ನೇ ಕೊಳ್ಳಿ. ನಿಮ್ಮ ಕಾರಿನ ಮಾದರಿ ಮತ್ತು ವರ್ಷಕ್ಕೆ ಅದು ಹೊಂದುತ್ತದೆ ಎಂದು ತಯಾರಕರ ಪಟ್ಟಿಯಲ್ಲಿ ಬರೆದಿರಬೇಕು. ಅಂಗಡಿಯವರ ‘ಆಗುತ್ತದೆ ಬಿಡಿ’ ಎಂಬ ಮಾತು ಸಾಲದು.

ಕಾರಿನ ಮೂಲ ಕನೆಕ್ಟರುಗಳ ನಡುವೆ ಹಾಗೆಯೇ ಸಿಕ್ಕಿಸುವ, ವೈರು ಕತ್ತರಿಸಬೇಕಿಲ್ಲದ ಸಿದ್ಧ ಜೋಡಣೆ ನಿಮ್ಮ ಮಾದರಿಗೆ ಸಿಗುವುದಾದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಿಗಂತೂ ಇದಿಲ್ಲದೆ ಕೈ ಹಾಕಬೇಡಿ. ಅಲ್ಲಿ ಎಲ್ಲವೂ ಕಂಪ್ಯೂಟರುಗಳ ನಡುವಿನ ಮಾತುಕತೆ. ಮೀಟರ್ ಹಿಡಿದು ಹುಡುಕಿದರೆ ಸಿಗುವಂಥದ್ದು ಕಡಿಮೆ. ಅಂಥ ಕೆಲವು ಕಾರುಗಳಲ್ಲಿ ರಿಮೋಟಿನಿಂದ ಓಡುತ್ತಿರುವ ಇಂಜಿನ್ನು ಬಾಗಿಲು ತೆರೆದ ಕೂಡಲೇ ನಿಲ್ಲುತ್ತದೆ. ಅದು ಕೂಡಿಸಿದವನ ತಪ್ಪಲ್ಲ.

ರಿಮೋಟಿನ ವಿಷಯದಲ್ಲಿ ಅದು ಬರುವ ರಟ್ಟಿನ ಡಬ್ಬಿಯ ಮೇಲೆ ಅಚ್ಚಾದ ದೂರವನ್ನು ನಂಬಬೇಡಿ. ಅದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಎರಡು ಗೋಡೆ ಅಡ್ಡ ಬಂದರೆ ಅದರಲ್ಲಿ ಒಂದು ಭಾಗವಷ್ಟೇ ಉಳಿಯುತ್ತದೆ. ಕಾರು ಕಣ್ಣಿಗೆ ಕಾಣುವಂತೆ ನಿಲ್ಲಿಸುವವರಿಗೆ, ಮೂಲ ರಿಮೋಟಿನಲ್ಲೇ ಬೀಗದ ಗುಂಡಿಯನ್ನು ಮೂರು ಸಲ ಒತ್ತಿದರೆ ಸ್ಟಾರ್ಟ್ ಆಗುವ ಬಗೆ ಸಾಕು. ದೂರ ನಿಲ್ಲಿಸುವವರಿಗೆ ಮರುಉತ್ತರ ಕೊಡುವ ರಿಮೋಟ್ ಬೇಕು, ಯಾಕೆಂದರೆ ಇಂಜಿನ್ ಓಡುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಮೊಬೈಲ್ ಜಾಲದ ಮೂಲಕ ನಡೆಯುವುದಕ್ಕೆ ದೂರದ ಮಿತಿ ಇಲ್ಲವೆನ್ನಬಹುದು, ಆದರೆ ಸಾಮಾನ್ಯವಾಗಿ ಚಂದಾ ಕಟ್ಟುತ್ತಿರಬೇಕು. ಎಲ್ಲೋ ಕುಳಿತು ಕಾಣದ ಕಾರನ್ನು ಓಡಿಸುವುದು ನನಗಂತೂ ಒಗ್ಗುವುದಿಲ್ಲ.

ಇನ್ನು ಕೆಲಸಕ್ಕೆ. ಮೊದಲು ಬ್ಯಾಟರಿ ನೋಡಿ. ಕೆಲವು ಗಂಟೆ ಸುಮ್ಮನೆ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ. ಸೋತ ಬ್ಯಾಟರಿಯ ಮೇಲೆ ಹೊಸ ಪೆಟ್ಟಿಗೆ ಕೂಡಿಸಿ ಆಮೇಲೆ ಪೆಟ್ಟಿಗೆಯನ್ನು ದೂರುವವರು ಬಹಳ.

ವೈರು ಹುಡುಕಲು ಡಿಜಿಟಲ್ ಮಲ್ಟಿಮೀಟರ್ ಮಾತ್ರ ಬಳಸಿ. ಬಲ್ಬಿರುವ ಹಳೆಯ ಟೆಸ್ಟರ್ ತಾನೇ ಕರೆಂಟು ಎಳೆಯುತ್ತದೆ, ಕಂಪ್ಯೂಟರಿನ ಸೂಕ್ಷ್ಮ ವೈರಿಗೆ ತಾಗಿದರೆ ಕೇಡು. ಸ್ಟೀರಿಂಗ್ ಕೆಳಗಿನ ಮುಚ್ಚಳ ಬಿಚ್ಚಿದಾಗ ಹಳದಿ ಕನೆಕ್ಟರ್ ಅಥವಾ ಹಳದಿ ಕವಚದ ವೈರು ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಚುಚ್ಚಬೇಡಿ, ಬಿಚ್ಚಬೇಡಿ, ಅಳೆಯಲೂ ಹೋಗಬೇಡಿ.

ಅಕ್ಕನನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ನಾನು ಪೆಡಲ್ಲುಗಳ ಬಳಿ ತಲೆ ತೂರಿಸಿ, ‘ಒಂದು ಹಂತ ತಿರುಗಿಸು ಅಕ್ಕ, ಇನ್ನೊಂದು ಹಂತ, ಈಗ ಸ್ಟಾರ್ಟ್ ಮಾಡು’ ಎನ್ನುತ್ತಾ ಹೋದೆ. ಇಗ್ನಿಷನ್ ಸ್ವಿಚ್ಚಿನ ಹಿಂದಿನ ದಪ್ಪ ವೈರುಗಳು ತಮ್ಮ ನಡತೆಯಿಂದಲೇ ಗುರುತು ಹೇಳುತ್ತವೆ. ಕೀಲಿ ಎಲ್ಲಿದ್ದರೂ 12 ವೋಲ್ಟ್ ತೋರಿಸುವುದು ಬ್ಯಾಟರಿಯಿಂದ ನೇರ ಬಂದದ್ದು. ಕೀಲಿ ಆನ್ ಆದಾಗಲೂ ಸೆಲ್ಫ್ ಹೊಡೆಯುವಾಗಲೂ ಕರೆಂಟು ಇರುವುದು ಇಗ್ನಿಷನ್ ವೈರು. ಆನ್ ಆದಾಗ ಇದ್ದು, ಸೆಲ್ಫ್ ಹೊಡೆಯುವ ಹೊತ್ತಿಗೆ ಸೊನ್ನೆಗೆ ಬಿದ್ದು, ಮತ್ತೆ ಬರುವುದು ಆಕ್ಸೆಸರಿ. ರೇಡಿಯೋ, ಬ್ಲೋವರ್ ಅದರ ಮೇಲಿರುತ್ತವೆ. ಸೆಲ್ಫ್ ಹೊಡೆಯುವ ಕ್ಷಣದಲ್ಲಿ ಮಾತ್ರ ಜೀವ ಬರುವುದು ಸೆಲ್ಫಿನ ವೈರು. ಬಣ್ಣ ನೋಡಿ ನಿರ್ಧರಿಸಬೇಡಿ. ಒಂದೇ ಮಾದರಿಯ ಕಾರಿನಲ್ಲೂ ವರ್ಷ ಬದಲಾದರೆ ಬಣ್ಣ ಬದಲಾಗಿರುತ್ತದೆ. ಇಗ್ನಿಷನ್ ವೈರು ಎರಡಿದ್ದರೆ ಎರಡನ್ನೂ ಕೂಡಿಸಬೇಕು; ಒಂದನ್ನು ಬಿಟ್ಟರೆ ಇಂಜಿನ್ ಓಡುತ್ತದೆ, ಎಸಿ ಓಡುವುದಿಲ್ಲ, ಇಷ್ಟೆಲ್ಲ ಮಾಡಿದ್ದೇ ವ್ಯರ್ಥ.

ಗುರುತಿಸಿದ ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಕೆಲವು ನಿಮಿಷ ಬಿಟ್ಟು ಜೋಡಣೆ ಶುರು ಮಾಡಿ. ನಾನು ಬೆಸುಗೆ ಹಾಕಿ, ಕುಗ್ಗುವ ಕೊಳವೆ ಹೊದಿಸಿ, ಮೇಲೆ ಬಟ್ಟೆಯ ಟೇಪು ಸುತ್ತುತ್ತೇನೆ. ವೈರಿನ ಮೈಯನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಂದು ವರ್ಷ ಚೆನ್ನಾಗಿರುತ್ತವೆ. ಆಮೇಲೆ ಎಲ್ಲೋ ನಡುದಾರಿಯಲ್ಲಿ ಕಾರು ಸ್ಟಾರ್ಟ್ ಆಗುವುದಿಲ್ಲ. ದಪ್ಪ ವೈರಿಗೆ ದಪ್ಪ ವೈರೇ ಬೇಕು, ಪೆಟ್ಟಿಗೆಯ ಜೊತೆ ಬಂದ ಫ್ಯೂಸುಗಳು ಅವುಗಳ ಜಾಗದಲ್ಲೇ ಇರಬೇಕು. ಫ್ಯೂಸು ಪದೇ ಪದೇ ಹೋಗುತ್ತದೆಂದು ದೊಡ್ಡದನ್ನು ಹಾಕುವುದು ಬೆಂಕಿಗೆ ಬಾಗಿಲು ತೆರೆದಂತೆ. ಅರ್ತ್ ವೈರನ್ನು ಬಣ್ಣ ಕೆರೆದ ಬರಿಯ ಲೋಹಕ್ಕೆ ಬಿಗಿಯಿರಿ. ಅರ್ತ್ ಸಡಿಲವಿದ್ದರೆ ಪೆಟ್ಟಿಗೆ ಒಂದೊಂದು ದಿನ ಒಂದೊಂದು ಆಟ ಆಡುತ್ತದೆ, ಮೂರು ದಿನ ಹುಡುಕಿದರೂ ಕಾರಣ ತಿಳಿಯುವುದಿಲ್ಲ.

ಇಷ್ಟಾದರೆ ಇಂಜಿನ್ ಓಡುತ್ತದೆ. ಇಲ್ಲಿಗೇ ನಿಲ್ಲಿಸಿದ ಎಷ್ಟೋ ಕಾರುಗಳು ನನ್ನ ಹತ್ತಿರ ಬಂದಿವೆ.

ಬ್ರೇಕಿನ ವೈರು ಬಿಡಲೇಬಾರದು. ಪೆಡಲ್ ಒತ್ತಿದಾಗ 12 ವೋಲ್ಟ್, ಬಿಟ್ಟಾಗ ಸೊನ್ನೆ ತೋರಿಸುವ ವೈರನ್ನು ಬ್ರೇಕ್ ಸ್ವಿಚ್ಚಿನ ಹತ್ತಿರವೇ ಹಿಡಿಯಿರಿ. ಓಡುತ್ತಿರುವ ಕಾರಿನ ಗಾಜು ಒಡೆದು ಒಳಗೆ ಕುಳಿತವನು ಗೇರು ಹಾಕಲು ಬ್ರೇಕ್ ಒತ್ತುತ್ತಾನೆ; ಕೀಲಿಯಿಲ್ಲದಿದ್ದರೆ ಇಂಜಿನ್ ಅಲ್ಲೇ ನಿಲ್ಲಬೇಕು. ಕಳ್ಳನಿಗೂ ಕಾರಿಗೂ ನಡುವೆ ಇರುವುದು ಈ ಒಂದು ತೆಳು ವೈರು. ನೀವು ಕೂರುವಾಗ ಕ್ರಮ ಹೀಗೆ: ಕೀಲಿ ತೂರಿಸಿ ಆನ್ ಹಂತಕ್ಕೆ ಮಾತ್ರ ತಿರುಗಿಸಿ, ಆಮೇಲೆ ಬ್ರೇಕ್ ಒತ್ತಿ. ಇನ್ನೊಂದು ಹಂತ ತಿರುಗಿಸಿದರೆ ಓಡುತ್ತಿರುವ ಇಂಜಿನ್ನಿಗೆ ಸೆಲ್ಫ್ ಹೊಡೆದು ಹಲ್ಲುಗಳು ಕರಕರ ಎನ್ನುತ್ತವೆ. ಅದನ್ನು ತಡೆಯುವ ರಿಲೇಯೂ ಸಿಗುತ್ತದೆ. ಅಕ್ಕನ ಕಾರಿಗೆ ಹಾಕಿದ್ದೇನೆ, ಮೊದಲ ವಾರದಲ್ಲೇ ಅದು ನಾಲ್ಕು ಸಲ ಕೆಲಸಕ್ಕೆ ಬಂತು.

ಬಾನೆಟ್ ಸ್ವಿಚ್ಚನ್ನು ಜನ ‘ಯಾಕೆ ಸುಮ್ಮನೆ’ ಎಂದು ಕೂಡಿಸದೆ ರಟ್ಟಿನ ಡಬ್ಬಿಯಲ್ಲೇ ಬಿಡುತ್ತಾರೆ. ಬಾನೆಟ್ ಎತ್ತಿ ಬೆಲ್ಟಿನ ಬಳಿ ಕೈ ಹಾಕಿರುವಾಗ ಮನೆಯೊಳಗೆ ಮಗುವೊಂದು ರಿಮೋಟ್ ಒತ್ತಿದರೆ ಏನಾದೀತು ಎಂದು ಊಹಿಸಿ. ಬಾನೆಟ್ ತೆರೆದಿದ್ದರೆ ಸ್ಟಾರ್ಟ್ ಆಗಬಾರದು, ಓಡುತ್ತಿರುವಾಗ ತೆರೆದರೆ ನಿಲ್ಲಬೇಕು. ಸ್ವಿಚ್ಚನ್ನು ನೀರು ಹರಿಯುವ ಕಾಲುವೆಯಲ್ಲಿ ಕೂರಿಸಬೇಡಿ, ತುಕ್ಕು ಹಿಡಿಯುತ್ತದೆ.

ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಪೆಟ್ಟಿಗೆಗೆ ಹೇಳುವುದು, ಇಂಜಿನ್ ತಿರುಗುವ ವೇಗವನ್ನು ಅಳೆಯುವ ಟ್ಯಾಕೋಮೀಟರಿನ ಸಂಕೇತ. ಹಲವು ಪೆಟ್ಟಿಗೆಗಳು ಬ್ಯಾಟರಿಯ ವೋಲ್ಟೇಜ್ ನೋಡಿಯೇ ಊಹಿಸಬಲ್ಲವು: ಸೆಲ್ಫ್ ಹೊಡೆಯುವಾಗ ಇಳಿಯುತ್ತದೆ, ಇಂಜಿನ್ ಎದ್ದ ಮೇಲೆ 14ರ ಆಸುಪಾಸಿಗೆ ಏರುತ್ತದೆ. ಆದರೆ ಊಹೆ ಊಹೆಯೇ. ಚಳಿಯ ಬೆಳಿಗ್ಗೆ ಇಂಜಿನ್ ಎದ್ದಿದೆ ಎಂದು ತಪ್ಪಾಗಿ ತಿಳಿದು ಸೆಲ್ಫನ್ನು ಬೇಗ ಬಿಡುತ್ತದೆ, ಇಲ್ಲವೆ ಎದ್ದ ಮೇಲೂ ತಿರುಗಿಸುತ್ತಲೇ ಇರುತ್ತದೆ. ವೈರಿನಿಂದಲೋ ಬೈಪಾಸ್ ಮಾಡ್ಯೂಲಿನ ದತ್ತಾಂಶದಿಂದಲೋ ನಿಜವಾದ ವೇಗದ ಸಂಕೇತವನ್ನೇ ಕೊಡಿ. ಕೀಲಿಯಿಂದ ಇಂಜಿನ್ ಓಡಿಸಿಟ್ಟು, ಕೈಪಿಡಿಯಲ್ಲಿ ಹೇಳಿದಂತೆ ಪೆಟ್ಟಿಗೆಗೆ ಆ ವೇಗವನ್ನು ಒಮ್ಮೆ ಕಲಿಸಬೇಕು.

ಪೆಟ್ಟಿಗೆಯನ್ನು ಪೆಡಲ್ಲುಗಳಿಗೂ ತಿರುಗುವ ಸ್ಟೀರಿಂಗ್ ದಂಡಕ್ಕೂ ತಾಗದಂತೆ ಪ್ಲಾಸ್ಟಿಕ್ ಪಟ್ಟಿಗಳಿಂದ ಕಟ್ಟಿ. ಆಂಟೆನಾ ಮುಂದಿನ ಗಾಜಿನ ಮೇಲ್ಭಾಗದಲ್ಲಿರಲಿ. ಗಾಜಿಗೆ ಲೋಹದ ಅಂಶವಿರುವ, ಬಿಸಿಲು ತಡೆಯುವ ಪದರ ಅಂಟಿಸಿದ್ದರೆ ರಿಮೋಟ್ ಮುಟ್ಟುವ ದೂರ ಕಡಿಮೆಯಾಗುತ್ತದೆ. ಓಡುವ ಅವಧಿಯನ್ನು ಹತ್ತು ನಿಮಿಷಕ್ಕೆ ಇಡಿ, ಆಮೇಲೆ ಅದು ತಾನಾಗಿಯೇ ನಿಲ್ಲಲಿ.

ಮುಚ್ಚಳ ಹಾಕುವ ಮುನ್ನ ಪರೀಕ್ಷೆಗಳು. ಕಾರಿನ ಹಿಂದೆ ಮುಂದೆ ಯಾರೂ ಇಲ್ಲದ ಬಯಲಲ್ಲಿ ಮಾಡಿ. ರಿಮೋಟಿನಿಂದ ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿ: ನಿಲ್ಲಬೇಕು. ಮತ್ತೆ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ: ನಿಲ್ಲಬೇಕು. ಬಾನೆಟ್ ಎತ್ತಿಯೇ ಗುಂಡಿ ಒತ್ತಿ: ಉಸಿರೂ ಬಿಡಬಾರದು. ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್ ಹಂತಕ್ಕೆ ತಂದು, ಗೇರನ್ನು ಡ್ರೈವ್‌ಗೆ ಹಾಕಿ. ಕಾಲನ್ನು ಬ್ರೇಕಿನ ಮೇಲೆ ಒತ್ತದೆ, ಆದರೆ ಒತ್ತಲು ಸಿದ್ಧವಾಗಿ ಹಿಡಿದು, ರಿಮೋಟ್ ಒತ್ತಿ. ಸೆಲ್ಫ್ ಹೊಡೆಯಬಾರದು. ಹೊಡೆದರೆ ತಕ್ಷಣ ಬ್ರೇಕ್ ತುಳಿದು ನಿಲ್ಲಿಸಿ, ದೋಷ ಸಿಗುವವರೆಗೆ ಪೆಟ್ಟಿಗೆಯ ಫ್ಯೂಸು ಕಿತ್ತಿಡಿ. ‘ಏನೂ ಆಗಲೇ ಇಲ್ಲವಲ್ಲೋ, ಕೆಟ್ಟಿತೇ?’ ಎಂದಳು ಅಕ್ಕ. ಏನೂ ಆಗದಿರುವುದನ್ನು ನೋಡಲೆಂದೇ ಇಷ್ಟು ಹೊತ್ತು ಬಗ್ಗಿ ಕುಳಿತಿದ್ದೆ ಎಂದೆ.

ಯಾವ ವೈರೂ ತಡೆಯಲಾಗದ ಅಪಾಯವೊಂದಿದೆ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಗ್ಯಾರೇಜು ಮನೆಗೆ ಅಂಟಿಕೊಂಡಿದ್ದರೆ ಮಲಗುವ ಕೋಣೆಗೂ ಬರುತ್ತದೆ. ಬಾಗಿಲು ಅರ್ಧ ತೆರೆದಿದ್ದರೂ ಸಾಲದು. ಜೇಬಿನಲ್ಲಿ ಗುಂಡಿ ತಾನಾಗಿಯೇ ಒತ್ತಿಹೋಗುವುದುಂಟು, ಆದ್ದರಿಂದ ಒಂದೇ ಒತ್ತಿಗೆ ಸ್ಟಾರ್ಟ್ ಆಗುವ ರಿಮೋಟ್ ಕೊಳ್ಳಬೇಡಿ. ಕಾರು ಗ್ಯಾರೇಜಿನೊಳಗೆ ನಿಲ್ಲುವುದಾದರೆ ಪ್ರತಿ ಸಲವೂ ಪೆಟ್ಟಿಗೆಯನ್ನು ವ್ಯಾಲೆ ಮೋಡ್‌ನಲ್ಲಿಡಿ, ಅಂದರೆ ರಿಮೋಟ್ ಸ್ಟಾರ್ಟ್ ಪೂರ್ತಿ ಬಂದ್. ಮೆಕ್ಯಾನಿಕ್ ಕೈಗೆ ಕಾರು ಕೊಡುವಾಗಲೂ ಹಾಗೆಯೇ ಮಾಡಿ, ಬಾಯಲ್ಲೂ ಹೇಳಿ. ಮನೆಯಲ್ಲಿ ಈ ಅನಿಲದ ಎಚ್ಚರಿಕೆ ಗಂಟೆ ಇದ್ದರೆ ಒಳ್ಳೆಯದು. ಯಾರೂ ಇಲ್ಲದ ಕಾರಿನ ಇಂಜಿನ್ ಓಡುತ್ತಿರುವುದನ್ನು ಕೆಲವು ಕಡೆ ಕಾನೂನು ಒಪ್ಪುವುದಿಲ್ಲ. ನಿಮ್ಮಲ್ಲಿ ಹೇಗೆಂದು ನೋಡಿಕೊಳ್ಳಿ, ವಿಮೆಯವರಿಗೂ ವಾರಂಟಿಯವರಿಗೂ ಮುಂಚೆಯೇ ತಿಳಿಸಿ.

ಕೆಲಸ ಮುಗಿದ ವಾರದೊಳಗೆ ಇನ್ನೊಮ್ಮೆ ಮೀಟರ್ ಹಿಡಿಯಿರಿ. ಕಾರಿಗೆ ಬೀಗ ಹಾಕಿ ಅರ್ಧ ಗಂಟೆ ಬಿಟ್ಟು, ಅದು ನಿದ್ರೆಗೆ ಹೋದ ಮೇಲೆ ಬ್ಯಾಟರಿಯಿಂದ ಹರಿಯುವ ಕರೆಂಟು 50 ಮಿಲಿಆಂಪಿಯರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಬೈಪಾಸ್ ಮಾಡ್ಯೂಲ್ ಕಾರನ್ನು ಮಲಗಲು ಬಿಡುತ್ತಿಲ್ಲವೇ ಎಂದು ಮೊದಲು ನೋಡಿ.

ಯಾವ ವೈರನ್ನು ಎಲ್ಲಿ ಕೂಡಿಸಿದ್ದೇನೆ, ಯಾವ ಫ್ಯೂಸು ಕಿತ್ತರೆ ಎಲ್ಲ ನಿಲ್ಲುತ್ತದೆ, ವ್ಯಾಲೆ ಸ್ವಿಚ್ಚು ಎಲ್ಲಿದೆ ಎಂದು ಒಂದು ಕಾಗದದಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿ ಇಡುತ್ತೇನೆ. ಹತ್ತು ವರ್ಷದ ನಂತರ ಇನ್ನೊಬ್ಬ ವೈರಿಂಗಿನವನು ಆ ಮುಚ್ಚಳ ಬಿಚ್ಚಿದಾಗ ನನ್ನನ್ನು ಬೈಯದಿರಲಿ ಎಂದು. ಅಕ್ಕ ಆ ಕಾಗದವನ್ನು ಓದಿ, ಪೆನ್ನು ಕೇಳಿ, ಕೊನೆಯಲ್ಲಿ ತನ್ನ ಕೈಯಿಂದ ಒಂದು ಸಾಲು ಸೇರಿಸಿದಳು: ‘ಕೀಲಿ ಆನ್ ತನಕ ಮಾತ್ರ. ಆಮೇಲೆ ಬ್ರೇಕ್.’